ವರ್ಷಕ್ಕೊಂದು ರೇಸಿಂಗ್ ಆಟ ಯಾರಿಗೆ ಬೇಕಾಗಿದೆ?

ರೇಸಿಂಗ್ ಆಟಗಳ ಬಗ್ಗೆ ಮಾತಾಡುವವರಲ್ಲಿ ಒಂದು ನಂಬಿಕೆ ಬೇರೂರಿಬಿಟ್ಟಿದೆ. ವರ್ಷಕ್ಕೊಂದು ಹೊಸ ವರ್ಷನ್ ಬರಲೇಬೇಕು. ಬಂದರೆ ಆ ಸರಣಿಗೆ ಜೀವವಿದೆ ಎಂದರ್ಥ, ಬರದಿದ್ದರೆ ಅದರ ಕತೆ ಮುಗಿಯಿತು. ರಾಣೆಬೆನ್ನೂರಿನ ಗೇಮ್ ಪಾರ್ಲರಿನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಸ್ಟೇರಿಂಗ್ ಹಿಡಿಯುವ ಹುಡುಗನೂ ಇದನ್ನು ನಂಬುತ್ತಾನೆ, ಬೆಂಗಳೂರಿನ ಮನೆಯಲ್ಲಿ ಲಕ್ಷಗಟ್ಟಲೆ ಸುರಿದು ರಿಗ್ ಕಟ್ಟಿಕೊಂಡ ಇಂಜಿನಿಯರನೂ ನಂಬುತ್ತಾನೆ. "ಹೊಸಾದು ಬಂದೈತಿ, ನೀ ಇನ್ನೂ ಹಳೇದ ಆಡಾಕತ್ತೀ ಏನಲೇ?" ಎಂದು ಗೆಳೆಯ ಕೇಳಿದರೆ ಕೇಳಿಸಿಕೊಂಡವನು ಮುಖ ತಗ್ಗಿಸುತ್ತಾನೆ. ಈ ನಾಚಿಕೆಯನ್ನು ಅವನ ತಲೆಯಲ್ಲಿ ತುಂಬಿದವರು ಯಾರು? ಹೋದ ವರ್ಷ ಕೊಂಡ ಆಟ ಈ ವರ್ಷ ಕೆಟ್ಟುಹೋಗುವಂಥದ್ದು ಅದರಲ್ಲಿ ಏನಿತ್ತು?

ನಾನು ಈ ನಂಬಿಕೆಯನ್ನು ಪೂರ್ತಿಯಾಗಿ ವಿರೋಧಿಸುತ್ತೇನೆ. ನಾನಿಲ್ಲಿ ಹೇಳುತ್ತಿರುವುದು ಕಾರಿನ ತೂಕ, ಟಯರಿನ ಹಿಡಿತ, ರಸ್ತೆಯ ಉಬ್ಬುತಗ್ಗು ಎಲ್ಲವನ್ನೂ ಲೆಕ್ಕ ಹಾಕಿ ಆಡುವವನ ಕೈಗೆ ತಲುಪಿಸುವ ಸಿಮ್ಯುಲೇಶನ್ ಆಟಗಳ ಬಗ್ಗೆ. ಇಂಥ ಆಟ ಪೂರ್ಣ ಹೊಸದಾಗಿ ಐದು ವರ್ಷಕ್ಕೊಮ್ಮೆ ಬಂದರೆ ಸಾಕು. ನಡುವೆ ಬೇಕಾದ ಬದಲಾವಣೆಗಳೆಲ್ಲ ಇರುವ ಆಟಕ್ಕೇ ಅಪ್‌ಡೇಟ್ ಆಗಿ ಬರಲಿ. ವರ್ಷಕ್ಕೊಂದು ಹೊಸ ಡಬ್ಬಿ ಎಂಬುದು ಆಡುವವರಿಗೆ ಮಾಡುವ ಅನ್ಯಾಯ, ಕಟ್ಟುವವರಿಗೆ ಕೊಡುವ ಹಿಂಸೆ.

ಇಂಥ ಆಟವನ್ನು ಕಲಿಯುವುದೆಂದರೆ ಏನೆಂದು ಮೊದಲು ಹತ್ತಿರದಿಂದ ನೋಡೋಣ. ಬೆಲ್ಜಿಯಂನ ಸ್ಪಾ ಟ್ರ್ಯಾಕಿನ ಮೊದಲ ತಿರುವು ಲಾ ಸೋರ್ಸ್, ಬಲಕ್ಕೆ ಹೊರಳುವ ಬಹಳ ಇಕ್ಕಟ್ಟಿನ ತಿರುವು. ಹೊಸಬ ಅಲ್ಲಿ ಬ್ರೇಕನ್ನು ಒಮ್ಮೆಲೇ ತುಳಿದು, ಮುಂದಿನ ಗಾಲಿಗಳನ್ನು ಲಾಕ್ ಮಾಡಿಕೊಂಡು, ನೆಟ್ಟಗೆ ಟ್ರ್ಯಾಕ್ ಬಿಟ್ಟು ಹೋಗುತ್ತಾನೆ. ತಿಂಗಳುಗಟ್ಟಲೆ ಆಡಿದವನ ಪಾದ ಬೇರೆಯೇ ರೀತಿ ಕೆಲಸ ಮಾಡುತ್ತದೆ. ಮೊದಲು ಗಟ್ಟಿಯಾಗಿ ಒತ್ತಿ, ಸ್ಟೇರಿಂಗ್ ತಿರುಗಿದಂತೆಲ್ಲ ಬ್ರೇಕನ್ನು ಕೂದಲೆಳೆಯಷ್ಟಷ್ಟೇ ಬಿಡುತ್ತಾ ಬರುತ್ತದೆ. ಮುಂದಿನ ಟಯರು ಹಿಡಿತ ಕಳೆದುಕೊಳ್ಳುವ ಹೊತ್ತಿಗೆ ಕೈಯಲ್ಲಿರುವ ಸ್ಟೇರಿಂಗ್ ಕೊಂಚ ಹಗುರಾಗುತ್ತದೆ. ಆ ಹಗುರವನ್ನು ಗುರುತಿಸಲು ಅಂಗೈ ಪಳಗಬೇಕು. ಅಲ್ಲಿಂದ ಇಳಿಜಾರಿನಲ್ಲಿ ಧುಮುಕಿ ಓ ರೂಜ್ ಏರಿಗೆ ಗಾಡಿ ಹತ್ತುವಾಗ ಎಲ್ಲಿ ಸ್ಟೇರಿಂಗ್ ಹೊರಳಿಸಬೇಕು ಎಂಬುದನ್ನು ಲೆಕ್ಕ ಹಾಕುತ್ತ ಕೂರಲು ಆಗುವುದಿಲ್ಲ, ಮೈಗೆ ಗೊತ್ತಿರಬೇಕು. ಹೀಗೆ ಮೈಗೂಡಲು ಒಂದು ವರ್ಷ ಬೇಕು, ಕೆಲವರಿಗೆ ಎರಡು ವರ್ಷ.

ಅಷ್ಟರಲ್ಲಿ ಹೊಸ ವರ್ಷನ್ ಬಂತು. ಟಯರಿನ ಲೆಕ್ಕಾಚಾರ ಬೇರೆ, ಸ್ಟೇರಿಂಗಿಗೆ ಬರುವ ಸೆಳೆತ ಬೇರೆ. ಹಳೆಯದರಲ್ಲಿ ಕೂತು ಹೊಂದಿಸಿಕೊಂಡ ಸೆಟಪ್ ಯಾವುದೂ ಇಲ್ಲಿ ನಡೆಯುವುದಿಲ್ಲ. 2024ರಲ್ಲಿ ಬಂದ ‘ಎಫ್1 24’ ಆಟದ ಹ್ಯಾಂಡ್ಲಿಂಗ್ ಹೊಸದೆಂದು ಹೇಳಿ ಮಾರಿದರು. ಗಾಡಿ ಗಾಡಿಯಂತೆ ನಡೆದುಕೊಳ್ಳುತ್ತಿಲ್ಲವೆಂದು ಆಡುವವರು ದೊಡ್ಡ ಮಟ್ಟದಲ್ಲಿ ತಕರಾರು ತೆಗೆದ ಮೇಲೆ ಅದನ್ನು ತಿದ್ದಬೇಕಾಯಿತು. ಇನ್ನೊಂದು ವರ್ಷ ಕಾದು, ಒಪ್ಪವಾಗಿ ಮಾಡಿ ಕೊಟ್ಟಿದ್ದರೆ ಯಾರ ಗಂಟೇನು ಹೋಗುತ್ತಿತ್ತು? ದುಡ್ಡು ಕೊಟ್ಟು ಕೊಂಡವನು ಪುಗಸಟ್ಟೆ ಪರೀಕ್ಷಕನಾಗಿ ದುಡಿಯುವ ಈ ಪದ್ಧತಿಯನ್ನು ನಾವು ಸಹಜವೆಂದು ಹೇಗೆ ಒಪ್ಪಿಕೊಂಡೆವು?

ನಮ್ಮ ಹಾವೇರಿ ಜಿಲ್ಲೆಯವರಿಗೆ ಓಟದ ಅಭಿಮಾನ ಹೇಗೆ ಬೆಳೆಯುತ್ತದೆಂದು ಹೊರಗಿನವರು ಕಲಿಸಬೇಕಾಗಿಲ್ಲ. ದೀಪಾವಳಿ ಮುಗಿಯುತ್ತಿದ್ದಂತೆ ಹೋರಿ ಹಬ್ಬ ಶುರು. ಕೊಬ್ಬರಿ ಸರ ಕಟ್ಟಿಸಿಕೊಂಡು, ಬಲೂನು ಜೂಲಗಳಿಂದ ಸಿಂಗಾರಗೊಂಡು ಓಡುವ ಹೋರಿಗೆ ಹೆಸರಿರುತ್ತದೆ, ಆ ಹೆಸರಿನ ಟೀಶರ್ಟ್ ಹಾಕಿದ ಅಭಿಮಾನಿಗಳಿರುತ್ತಾರೆ. ವರ್ಷದಿಂದ ವರ್ಷಕ್ಕೆ ಅದೇ ಹೋರಿ ಓಡಿದ್ದರಿಂದ ಆ ಹೆಸರು ಬಂತು. ಎಡಕ್ಕೆ ಹಾಯುತ್ತದೋ ಬಲಕ್ಕೆ ಹಾಯುತ್ತದೋ, ಜನರ ನಡುವೆ ಎಲ್ಲಿ ವೇಗ ತಗೊಳ್ಳುತ್ತದೆ ಎಂಬುದೆಲ್ಲ ಊರಿನವರಿಗೆ ಗೊತ್ತು. ಅಂಥ ಹೋರಿ ತೀರಿಕೊಂಡರೆ ಮೆರವಣಿಗೆ ಮಾಡಿ ಮಣ್ಣು ಮಾಡುತ್ತಾರೆ. ಪ್ರತಿ ದೀಪಾವಳಿಗೂ ಹಳೆಯದನ್ನು ಮಾರಿ ಹೊಸದನ್ನು ತಂದು ನಿಲ್ಲಿಸುವ ಮಾಲೀಕನಿಗೆ ಅಭಿಮಾನಿಗಳು ಹುಟ್ಟುವುದುಂಟೇ?

‘ಪ್ರತಿ ವರ್ಷ ಸೀಸನ್ ಬದಲಾಗುತ್ತದೆ, ತಂಡಗಳು ಬದಲಾಗುತ್ತವೆ, ಚಾಲಕರು ಬದಲಾಗುತ್ತಾರೆ, ಆಟವೂ ಬದಲಾಗದಿದ್ದರೆ ಹೇಗೆ?’ ಎಂಬುದು ವರ್ಷಕ್ಕೊಂದು ಆಟ ಬೇಕೆನ್ನುವವರ ದೊಡ್ಡ ವಾದ. ಈ ವಾದ ನಿಲ್ಲುವುದಿಲ್ಲ. 2023ರ ಫಾರ್ಮುಲಾ ಒನ್ ಸೀಸನ್ ಮುಗಿಸಿದ 20 ಚಾಲಕರು ಯಾರೋ, 2024ರ ಸೀಸನ್ ಶುರು ಮಾಡಿದ 20 ಚಾಲಕರೂ ಅವರೇ. ತಂಡಗಳು ಅವೇ ಹತ್ತು. ಎರಡರ ಹೆಸರು, ಬಣ್ಣ ಬದಲಾದವು ಅಷ್ಟೆ. ಆ ವರ್ಷವೂ ಪೂರ್ಣ ಬೆಲೆಯ ಹೊಸ ಆಟವೇ ಬಂತು.

2026ಕ್ಕೆ ಬನ್ನಿ. ಇಂಜಿನ್ನಿನ ನಿಯಮ ಬದಲು, ಗಾಡಿಯ ಅಳತೆ ಬದಲು, ರೆಕ್ಕೆಗಳು ಕೆಲಸ ಮಾಡುವ ರೀತಿ ಬದಲು. ಔಡಿ ಬಂತು, ಹನ್ನೊಂದನೆಯ ತಂಡವಾಗಿ ಕ್ಯಾಡಿಲಾಕ್ ಬಂತು, ಮ್ಯಾಡ್ರಿಡ್‌ನ ಹೊಸ ಟ್ರ್ಯಾಕ್ ಬಂತು. ಈ ಕ್ರೀಡೆ ಬಹಳ ವರ್ಷಗಳಲ್ಲಿ ಕಂಡಿರದ ದೊಡ್ಡ ಬದಲಾವಣೆ ಇದು. ಇಂಥ ವರ್ಷಕ್ಕೆ ಎಫ್1 ಆಟಗಳನ್ನು ಹೊರತರುವ ಇಎ ಕಂಪನಿ ಏನು ಮಾಡಿತು? 2026ಕ್ಕೆ ಬೇರೆ ಆಟ ಬರುವುದಿಲ್ಲ, 2025ರ ಮೇ ತಿಂಗಳಲ್ಲಿ ಬಂದ ‘ಎಫ್1 25’ಗೇ ಹೊಸ ಸೀಸನ್ನನ್ನು ದುಡ್ಡು ಕೊಟ್ಟು ಸೇರಿಸಿಕೊಳ್ಳಬಹುದು, ಮುಂದಿನ ಪೂರ್ಣ ಆಟ 2027ಕ್ಕೆ ಎಂದು 2025ರ ನವೆಂಬರಿನಲ್ಲಿ ಪ್ರಕಟಿಸಿತು. ಅಂದರೆ ಎಲ್ಲವೂ ತಲೆಕೆಳಗಾದ ವರ್ಷವೇ ಹಳೆಯ ಆಟಕ್ಕೆ ಸೇರ್ಪಡೆ ಸಾಕಾಗುತ್ತದೆ. ಹಾಗಾದರೆ ಏನೂ ಬದಲಾಗದ ವರ್ಷಗಳಲ್ಲಿ ಪೂರ್ಣ ಬೆಲೆ ವಸೂಲಿ ಮಾಡಿದ್ದು ಯಾವ ನ್ಯಾಯದಿಂದ? 2010ರಿಂದ ಒಂದು ವರ್ಷವೂ ತಪ್ಪದೆ ಹೊಸ ಎಫ್1 ಆಟ ಕೊಂಡವರೆಲ್ಲ ಈ ಪ್ರಶ್ನೆ ಕೇಳಬೇಕಿತ್ತು. ನಮ್ಮವರಲ್ಲಿ ಹಲವರು ಕೇಳಿದ್ದು ‘ಈ ವರ್ಷ ಯಾಕೆ ಬರಲ್ಲ?’ ಎಂದು. ನನಗೆ ಸಂಕಟವಾಗುವುದು ಇಲ್ಲಿ. ನಮ್ಮ ಜೇಬಿಗೆ ಸಿಕ್ಕ ಬಿಡುವನ್ನು ನಾವೇ ನಷ್ಟವೆಂದು ಎಣಿಸುತ್ತಿದ್ದೇವೆ.

ವರ್ಷಕ್ಕೊಂದು ಹೊಸ ಭಾಗ ತಾರದೆಯೂ ಆಟ ಬಾಳುತ್ತದೆ. ಐರೇಸಿಂಗ್ ಎಂಬ ಆಟ 2008ರಲ್ಲಿ ಶುರುವಾಯಿತು. ಇಂದಿಗೂ ಅದಕ್ಕೆ ಎರಡನೆಯ ಭಾಗ ಬಂದಿಲ್ಲ. ವರ್ಷಕ್ಕೆ ನಾಲ್ಕು ಸೀಸನ್, ಪ್ರತಿ ಸೀಸನ್ನಿಗೂ ಅದೇ ಆಟಕ್ಕೆ ಅಪ್‌ಡೇಟ್. ನಿಜವಾದ ರೇಸ್ ಚಾಲಕರೂ ಅದರಲ್ಲಿ ಅಭ್ಯಾಸ ಮಾಡುತ್ತಾರೆ. ಜಪಾನಿನ ಕಝುನೋರಿ ಯಮೌಚಿ ಕಟ್ಟಿದ ‘ಗ್ರಾನ್ ಟುರಿಸ್ಮೊ’ ಸರಣಿ 1997ರಲ್ಲಿ ಶುರುವಾಯಿತು. ನಾಲ್ಕನೆಯ ಭಾಗದಿಂದ ಐದನೆಯದಕ್ಕೆ ಸುಮಾರು ಆರು ವರ್ಷ ಹಿಡಿಯಿತು, 2004ರಿಂದ 2010. ಆಗಲೂ ಕತೆ ಮುಗಿಯಿತೆಂದವರಿದ್ದರು. ಸರಣಿ ಮುಗಿಯಲಿಲ್ಲ. 2022ರ ಮಾರ್ಚಿನಲ್ಲಿ ಬಂದ ಏಳನೆಯ ಭಾಗಕ್ಕೆ ವರ್ಷಗಳು ಕಳೆದರೂ ಹೊಸ ಕಾರುಗಳು ಪುಕ್ಕಟೆಯಾಗಿ ಸೇರುತ್ತಲೇ ಬಂದಿವೆ. ಒಮ್ಮೆ ಕೊಂಡವನು ಒಮ್ಮೆಯೇ ಕೊಂಡ.

ದುಡ್ಡಿನ ಮಾತನ್ನು ನಮ್ಮ ಜಿಲ್ಲೆಯ ನೆಲದ ಮೇಲೆ ನಿಂತೇ ಆಡಬೇಕು. ಪಿಎಸ್5 ಯಂತ್ರ 2021ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದಾಗ ಬೆಲೆ 49,990 ರೂಪಾಯಿ. ಅದರ ಮೇಲೆ ಆಡುವ ‘ಗ್ರಾನ್ ಟುರಿಸ್ಮೊ 7’ ಬಂದಾಗ 4,999. ಹಾವೇರಿಯ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಹುಡುಗನಿಗೆ ಇದು ಎಷ್ಟು ದಿನದ ಕೂಲಿ? ಬ್ಯಾಡಗಿ ಸುತ್ತಲಿನ ಹಳ್ಳಿಗಳಲ್ಲಿ ಮನೆಯ ವರ್ಷದ ಲೆಕ್ಕ ನಿಲ್ಲುವುದು ಸೋಮವಾರ, ಗುರುವಾರದ ಮೆಣಸಿನಕಾಯಿ ಟೆಂಡರಿನ ಮೇಲೆ. 2024ರ ಮಾರ್ಚ್ 11ರಂದು ದರ ಕುಸಿದು, ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ್ದನ್ನು ನಾವ್ಯಾರೂ ಮರೆತಿಲ್ಲ. ಅಂಥ ಮನೆಯ ಮಗ ಅಪ್ಪನನ್ನು ಕಾಡಿ ಬೇಡಿ ಒಂದು ಆಟ ಕೊಂಡರೆ, ಅದು ಅವನ ಜೊತೆ ಐದು ವರ್ಷ ಬಾಳಬೇಡವೇ? ಹನ್ನೆರಡೇ ತಿಂಗಳಲ್ಲಿ ಅದನ್ನು ಹಳತೆಂದು ಕರೆದು ಅವನನ್ನು ಮತ್ತೆ ಅಪ್ಪನ ಮುಂದೆ ನಿಲ್ಲಿಸುವುದು ಯಾವ ಮನರಂಜನೆ?

ಡೇಟಾ ಲೆಕ್ಕವನ್ನೂ ನೋಡಿ. ಇತ್ತೀಚಿನ ಎಫ್1 ಆಟಗಳು ಕಂಪ್ಯೂಟರಿನಲ್ಲಿ ಕೇಳುವ ಜಾಗ ಸುಮಾರು 100 ಜಿಬಿ. ಫೈಬರ್ ಲೈನ್ ಬಾರದ ಹಳ್ಳಿಯಲ್ಲಿ ಮೊಬೈಲ್ ಹಾಟ್‌ಸ್ಪಾಟೇ ಗತಿ. ದಿನಕ್ಕೆ 2 ಜಿಬಿ ಸಿಗುವ ರೀಚಾರ್ಜಿನಲ್ಲಿ, ಮನೆಯವರು ಯಾರೂ ಫೋನ್ ಮುಟ್ಟದಿದ್ದರೂ, 50 ದಿನ ಬೇಕು. ಅದಾದ ಮೇಲೆ ದೊಡ್ಡ ದೊಡ್ಡ ಪ್ಯಾಚುಗಳು. ಇಷ್ಟೆಲ್ಲ ಇಳಿಸಿಕೊಂಡು ಆಟ ನೆಟ್ಟಗಾಗುವ ಹೊತ್ತಿಗೆ ಮುಂದಿನದರ ಜಾಹೀರಾತು ಶುರು. ವರ್ಷಕ್ಕೊಂದು ಆಟ ಬೇಕೆನ್ನುವವರು ಮೆಟ್ರೊ ನಗರದ ವೈಫೈ ಕೆಳಗೆ ಕೂತು ತೀರ್ಪು ಕೊಡುತ್ತಿದ್ದಾರೆ.

ಇನ್ನು ಕಟ್ಟುವವರ ಗತಿ. ನಮ್ಮ ಊರುಗಳ ಹಳೇ ಕಂಪ್ಯೂಟರುಗಳಲ್ಲಿ ಇವತ್ತಿಗೂ ಓಡುವ ‘ನೀಡ್ ಫಾರ್ ಸ್ಪೀಡ್: ಮೋಸ್ಟ್ ವಾಂಟೆಡ್’ ಆಟ 2005ರದ್ದು. ಅದನ್ನು ಕಟ್ಟಿದ್ದು ಕೆನಡಾದ ವ್ಯಾಂಕೂವರಿನ ಬ್ಲ್ಯಾಕ್ ಬಾಕ್ಸ್ ಎಂಬ, ಇಎ ಕಂಪನಿಯದೇ ತಂಡ. 2003ರಲ್ಲಿ ಅಂಡರ್‌ಗ್ರೌಂಡ್, 2004ರಲ್ಲಿ ಅದರ ಎರಡನೆಯ ಭಾಗ, 2005ರಲ್ಲಿ ಮೋಸ್ಟ್ ವಾಂಟೆಡ್, 2006ರಲ್ಲಿ ಕಾರ್ಬನ್, 2007ರಲ್ಲಿ ಪ್ರೊಸ್ಟ್ರೀಟ್, 2008ರಲ್ಲಿ ಅಂಡರ್‌ಕವರ್. ಆರು ವರ್ಷ ಆರು ಆಟ, ಉಸಿರಾಡಲು ಬಿಡುವಿಲ್ಲ. ಕೊನೆಯದನ್ನು ವಿಮರ್ಶಕರು ತಿರಸ್ಕರಿಸಿದರು. ವರ್ಷ ವರ್ಷವೂ ಹೀಗೆ ದುಡಿಸಿದ್ದೇ ತಂಡವನ್ನು ಹಣ್ಣು ಮಾಡಿತೆಂದು ಆಗ ಇಎ ಮುಖ್ಯಸ್ಥರಾಗಿದ್ದ ಜಾನ್ ರಿಕಿಟೆಲ್ಲೊ ಅವರೇ ಒಪ್ಪಿಕೊಂಡರು. 2013ರಲ್ಲಿ ಆ ತಂಡವನ್ನೇ ಮುಚ್ಚಿದರು. ನಮ್ಮ ಬಾಲ್ಯಕ್ಕೆ ಅಷ್ಟು ಸಂತೋಷ ಕೊಟ್ಟ ಕೈಗಳಿಗೆ ಸಿಕ್ಕ ಬಳುವಳಿ ಇದು. ವರ್ಷಕ್ಕೊಂದು ಬೇಕೆಂದು ಹಟ ಹಿಡಿಯುವಾಗ ಯಾರ ಬೆನ್ನ ಮೇಲೆ ಭಾರ ಹೊರಿಸುತ್ತಿದ್ದೇವೆಂದು ಯಾರಾದರೂ ಯೋಚಿಸಿದ್ದಾರಾ?

ಹೊಸದು ಬಂದಾಗ ಹಳೆಯದು ತನ್ನ ಪಾಡಿಗೆ ತಾನು ಉಳಿಯುವುದಾದರೂ ಒಂದು ಮಾತು. ಉಳಿಯುವುದೂ ಇಲ್ಲ. ಕಾರು ಕಂಪನಿಗಳ ಜೊತೆಗಿನ ಪರವಾನಗಿ ಒಪ್ಪಂದ ಮುಗಿಯುತ್ತದೆ, ಮುಂದಿನ ಭಾಗ ಮಾರುಕಟ್ಟೆಯಲ್ಲಿರುವುದರಿಂದ ಹಳೆಯದಕ್ಕೆ ಒಪ್ಪಂದ ನವೀಕರಿಸುವ ಗೊಡವೆ ಯಾರಿಗೂ ಇಲ್ಲ. 2017ರ ‘ಫೋರ್ಝಾ ಮೋಟರ್‌ಸ್ಪೋರ್ಟ್ 7’ ನಾಲ್ಕೇ ವರ್ಷಕ್ಕೆ, 2021ರ ಸೆಪ್ಟೆಂಬರಿನಲ್ಲಿ, ಅಂಗಡಿಯಿಂದ ಮಾಯವಾಯಿತು. 2018ರ ‘ಫೋರ್ಝಾ ಹೊರೈಝನ್ 4’ 2024ರ ಡಿಸೆಂಬರ್ 15ರಂದು ಹೋಯಿತು. ಯೂಬಿಸಾಫ್ಟ್ ಕಂಪನಿ ಇನ್ನೂ ಮುಂದೆ ಹೋಗಿ, 2014ರಲ್ಲಿ ಮಾರಿದ ‘ದಿ ಕ್ರೂ’ ಆಟದ ಸರ್ವರನ್ನು 2024ರ ಮಾರ್ಚ್ 31ರಂದು ಬಂದ್ ಮಾಡಿತು. ಒಬ್ಬನೇ ಕೂತು ಆಡುವುದಕ್ಕೂ ಆ ಸರ್ವರ್ ಬೇಕಿತ್ತು. ದುಡ್ಡು ಕೊಟ್ಟು ಕೊಂಡವನ ಕೈಯಲ್ಲಿ ಏನೂ ಉಳಿಯಲಿಲ್ಲ. ಎರಡನೆಯ ಭಾಗ, ಮೂರನೆಯ ಭಾಗ ಬಂದಿದ್ದವಲ್ಲ, ಮೊದಲನೆಯದು ಯಾಕೆ ಎಂಬ ಲೆಕ್ಕಾಚಾರಕ್ಕೆ ದಾರಿ ಮಾಡಿಕೊಟ್ಟದ್ದು ‘ಹೊಸದು ಬಂತಲ್ಲ’ ಎಂಬ ನಮ್ಮದೇ ಮನೋಭಾವ. ನಮ್ಮ ಬುದ್ಧ್ ಇಂಟರ್‌ನ್ಯಾಷನಲ್ ಟ್ರ್ಯಾಕಿನ ಗತಿ ನೋಡಿ. 2011, 2012, 2013ರ ಎಫ್1 ಆಟಗಳಲ್ಲಿ ಅದಿತ್ತು. ಭಾರತದ ರೇಸ್ ನಿಂತಿತು, 2014ರ ಆಟದಿಂದ ಟ್ರ್ಯಾಕನ್ನೂ ಕಿತ್ತುಹಾಕಿದರು. ಒಂದೇ ಆಟಕ್ಕೆ ವರ್ಷ ವರ್ಷ ಸೇರಿಸುತ್ತಾ ಹೋಗಿದ್ದರೆ ನಮ್ಮ ಟ್ರ್ಯಾಕ್ ಅದರಲ್ಲಿ ಇನ್ನೂ ಇರುತ್ತಿತ್ತು.

ಬಾಳುವ ಆಟ ಏನು ಮಾಡಬಲ್ಲದು ಎಂಬುದಕ್ಕೆ ಸಾಕ್ಷಿ ನಮ್ಮ ಹುಡುಗರ ಮೊಬೈಲಿನಲ್ಲೇ ಇದೆ. ‘ಬಸ್ ಸಿಮ್ಯುಲೇಟರ್ ಇಂಡೊನೇಷ್ಯಾ’, ಹುಡುಗರ ಬಾಯಲ್ಲಿ ‘ಬಸ್ಸಿಡ್’. 2017ರಲ್ಲಿ ಇಂಡೊನೇಷ್ಯಾದ ಮಲಿಯೊ ಎಂಬ ಸಣ್ಣ ತಂಡ ಮಾಡಿದ್ದು. ರೇಸಿನದಲ್ಲ, ಬಸ್ ಓಡಿಸುವ ಆಟ. ಅದರಲ್ಲಿ ಬಸ್ಸಿಗೆ ನಮಗೆ ಬೇಕಾದ ಬಣ್ಣ ಹಚ್ಚಬಹುದು, ಅದಕ್ಕೆ ಲಿವರಿ ಎನ್ನುತ್ತಾರೆ. ಬೇರೆ ಬಸ್ಸನ್ನೇ ತಂದು ಸೇರಿಸಿದರೆ ಅದು ‘ಮಾಡ್’. ಕರ್ನಾಟಕದ ಹುಡುಗರು ಇದನ್ನು ಹಿಡಿದುಕೊಂಡ ರೀತಿ ನೋಡಿದರೆ ಹೆಮ್ಮೆಯಾಗುತ್ತದೆ. ಕೆಎಸ್‌ಆರ್‌ಟಿಸಿಯ ಕೆಂಪು ಬಸ್, ಐರಾವತ, ರಾಜಹಂಸ, ಎಲ್ಲವೂ ಜಾವಾ ದ್ವೀಪದ ರಸ್ತೆಯ ಮೇಲೆ ಓಡಾಡುತ್ತಿವೆ. ಊರಿನ ಬೋರ್ಡು ಕನ್ನಡದಲ್ಲಿ. ಪಕ್ಕದ ಪಟ್ಟಿಯ ಅಗಲ ಎಷ್ಟು, ಲಾಂಛನ ಬಾಗಿಲಿನಿಂದ ಎಷ್ಟು ದೂರ, ಹಿಂದಿನ ಗಾಜಿನ ಮೇಲೆ ಡಿಪೊ ಹೆಸರು ಎಲ್ಲಿ ಬರಬೇಕು ಎಂಬುದನ್ನೆಲ್ಲ ಬಸ್ ಸ್ಟ್ಯಾಂಡಿನಲ್ಲಿ ನಿಂತು ಫೋಟೊ ಹೊಡೆದುಕೊಂಡು ಬಂದು, ಮೊಬೈಲಿನ ಸಣ್ಣ ಪರದೆಯ ಮೇಲೆ ಬೆರಳಿನಿಂದ ಎಳೆದು ಕೂರಿಸುತ್ತಾರೆ. ಕಾಲೇಜು ಯಾವುದೂ ಅವರಿಗೆ ಇದನ್ನು ಕಲಿಸಿಲ್ಲ. ಕಲಿಯಲು ಸಾಧ್ಯವಾದದ್ದು ಆಟ ಒಂದೇ ಇದ್ದದ್ದರಿಂದ. ವರ್ಷಕ್ಕೊಮ್ಮೆ ಹೊಸ ಬಸ್ಸಿಡ್ ಬಂದು ಹಳೆಯ ಲಿವರಿಗಳೆಲ್ಲ ಕೆಲಸಕ್ಕೆ ಬಾರದಂತಾಗಿದ್ದರೆ ಎರಡನೆಯ ವರ್ಷವೇ ಇವರು ಕೈಬಿಡುತ್ತಿದ್ದರು.

ಇಟಲಿಯ ಕುನೋಸ್ ತಂಡದ ‘ಅಸೆಟ್ಟೊ ಕೊರ್ಸಾ’ ಇದೇ ಮಾತನ್ನು ರೇಸಿಂಗಿನಲ್ಲಿ ತೋರಿಸಿಕೊಟ್ಟಿದೆ. 2014ರ ಡಿಸೆಂಬರಿನಲ್ಲಿ ಬಂದ ಆಟ. ಹತ್ತು ವರ್ಷ ದಾಟಿದರೂ ಜಗತ್ತಿನಾದ್ಯಂತ ಜನ ಅದಕ್ಕೆ ಕಾರು ಕಟ್ಟುತ್ತಲೇ ಇದ್ದಾರೆ, ಟ್ರ್ಯಾಕ್ ಕಟ್ಟುತ್ತಲೇ ಇದ್ದಾರೆ. ಎಫ್1 ಆಟಗಳು ಕೈಬಿಟ್ಟ ನಮ್ಮ ಬುದ್ಧ್ ಟ್ರ್ಯಾಕನ್ನು ಅಭಿಮಾನಿಗಳು ಅದರಲ್ಲಿ ಉಳಿಸಿಕೊಂಡಿದ್ದಾರೆ. ಒಂದು ಟ್ರ್ಯಾಕ್ ಕಟ್ಟುವುದು ಸಣ್ಣ ಕೆಲಸವಲ್ಲ. ರಸ್ತೆಯ ಏರಿಳಿತ ಅಳೆಯಬೇಕು, ಅಂಚಿನ ಮಣ್ಣು, ಮರ, ಕಂಬ ಒಂದೊಂದನ್ನೂ ಇಡಬೇಕು. ಮೋಟೆಬೆನ್ನೂರಿನಿಂದ ಬ್ಯಾಡಗಿಗೆ ಹೋಗುವ ರಸ್ತೆಯನ್ನು, ಹೆದ್ದಾರಿ ಬಿಟ್ಟು ಹೊರಳುವಲ್ಲಿಂದ ಕೋಲ್ಡ್ ಸ್ಟೋರೇಜುಗಳ ಸಾಲಿನವರೆಗೆ, ಇಂಥ ಆಟವೊಂದರಲ್ಲಿ ಕಟ್ಟಬಲ್ಲ ಹುಡುಗರು ನಮ್ಮಲ್ಲಿದ್ದಾರೆ. ಅವರು ಕೇಳುವುದು ಒಂದೇ, ಕಟ್ಟಿ ಮುಗಿಸುವವರೆಗೆ ಆಟ ಇರಬೇಕು.

‘ಹೊಸದು ಮಾರದಿದ್ದರೆ ಕಂಪನಿ ಸಂಬಳ ಹೇಗೆ ಕೊಡುತ್ತದೆ?’ ಎಂದು ಕೇಳುತ್ತಾರೆ. ಜೆಕ್ ದೇಶದ ಎಸ್‌ಸಿಎಸ್ ಕಂಪನಿಯ ‘ಯೂರೋ ಟ್ರಕ್ ಸಿಮ್ಯುಲೇಟರ್ 2’ ಬಂದದ್ದು 2012ರಲ್ಲಿ. ಮೂರನೆಯ ಭಾಗ ತಾರದೆ, ಅದೇ ಆಟಕ್ಕೆ ಹೊಸ ಹೊಸ ದೇಶಗಳ ನಕ್ಷೆ ಮಾರಿ ಹತ್ತು ವರ್ಷಕ್ಕೂ ಮೇಲೆ ಬದುಕಿದೆ, ಬೆಳೆದಿದೆ. ಬೇಕಾದವನು ಬೇಕಾದ ನಕ್ಷೆ ಕೊಳ್ಳುತ್ತಾನೆ, ಬೇಡವಾದವನ ಆಟ ಹಾಗೇ ನಡೆಯುತ್ತದೆ. ಐರೇಸಿಂಗ್ ಚಂದಾದಾರರಿಂದ ನಡೆಯುತ್ತದೆ. ದಾರಿಗಳಿವೆ. ಹುಡುಕುವ ಕಷ್ಟ ತೆಗೆದುಕೊಳ್ಳದವರಿಗೆ ವರ್ಷಕ್ಕೊಂದು ಡಬ್ಬಿ ಸುಲಭದ ದಾರಿಯಾಗಿತ್ತು, ಅಷ್ಟೆ.

ಹಾಗಾಗಿ ಆಡುವ ಎಲ್ಲರಿಗೂ ನನ್ನ ಮಾತು ನೇರವಾಗಿದೆ. ಪ್ರೀ-ಆರ್ಡರ್ ಮಾಡುವುದನ್ನು ಇವತ್ತೇ ನಿಲ್ಲಿಸಿ. ಹೊಸ ಆಟ ಬಂದ ದಿನ ಕೊಳ್ಳಬೇಡಿ. ಮೂರು ತಿಂಗಳು ಬಿಡಿ, ಪ್ಯಾಚುಗಳು ಬರಲಿ. ಒಂದು ಸರಣಿಯಲ್ಲಿ ಒಂದು ಆಟ ಕೊಂಡರೆ ಮುಂದಿನ ನಾಲ್ಕು ವರ್ಷ ಆ ಸರಣಿಗೆ ಪೂರ್ಣ ಬೆಲೆ ಕೊಡಬೇಡಿ. ಗೇಮ್ ಪಾರ್ಲರ್ ನಡೆಸುವವರು ‘ಲೇಟೆಸ್ಟ್ ವರ್ಷನ್’ ಎಂಬ ಬೋರ್ಡು ಇಳಿಸಿ, ಒಂದೇ ಆಟದ ಮೇಲೆ ಇಡೀ ವರ್ಷ ಊರಿನ ಲೀಗ್ ನಡೆಸಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಹುಡುಗರು ಒಂದೇ ಟ್ರ್ಯಾಕಿನ ಮೇಲೆ ಒಂದೇ ಟೈಮಿಂಗಿಗೆ ವರ್ಷಗಟ್ಟಲೆ ಪೈಪೋಟಿ ಮಾಡಲಿ.

ಸರ್ಕಾರಕ್ಕೂ ಕೇಳುವುದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಒಂದು ಕಾನೂನು ಜಾರಿಯಲ್ಲಿದೆ. ಮಾರುತ್ತಿರುವುದು ಆಟವನ್ನಲ್ಲ, ಹಿಂತೆಗೆದುಕೊಳ್ಳಬಹುದಾದ ಪರವಾನಗಿಯನ್ನು ಎಂದು ಅಂಗಡಿ ಮೊದಲೇ ತಿಳಿಸಬೇಕು. ‘ದಿ ಕ್ರೂ’ ಮುಚ್ಚಿದ ಮೇಲೆ ಯುರೋಪಿನಲ್ಲಿ ಹುಟ್ಟಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಯ ಮನವಿಗೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ, ಜಿಲ್ಲೆಗೊಂದು ಗ್ರಾಹಕ ಆಯೋಗವಿದೆ. ಕೊಂಡ ಆಟ ಎಷ್ಟು ವರ್ಷ ನಡೆಯುತ್ತದೆಂದು ಬೆಲೆಯ ಪಕ್ಕದಲ್ಲೇ ಬರೆಯಬೇಕು, ಸರ್ವರ್ ಮುಚ್ಚುವ ಮುನ್ನ ಒಬ್ಬನೇ ಕೂತು ಆಡುವಂತೆ ಮಾಡಿಕೊಡಬೇಕು ಎಂಬ ನಿಯಮ ಈ ಕಾಯ್ದೆಯ ಕೆಳಗೆ ಬರಲಿ. ಕರ್ನಾಟಕ ಸರ್ಕಾರ 2024ರಲ್ಲಿ ಅನಿಮೇಶನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ ಐದು ವರ್ಷದ ನೀತಿ ತಂದಿದೆ. ಆ ನೀತಿಯ ಹಣ ಬೆಂಗಳೂರಿನ ಹೊರವರ್ತುಲ ರಸ್ತೆಯನ್ನು ದಾಟಿ ಹಾವೇರಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನವರೆಗೂ ಬರಲಿ. ಬೆರಳಿನಿಂದ ಬಸ್ಸಿಗೆ ಬಣ್ಣ ಬಳಿದ ಹುಡುಗರಿಗೆ ಒಂದು ಲ್ಯಾಬ್, ಹತ್ತು ಕಂಪ್ಯೂಟರ್, ಟ್ರ್ಯಾಕ್ ಕಟ್ಟಲು ಕಲಿಸುವ ಒಬ್ಬ ಮೇಷ್ಟ್ರನ್ನು ಕೊಡಲಿ.